ಸ್ವಭಾವ ಎಂದುಕೊಂಡಿದ್ದೆ

ದಾದಿಯಾಗಿ ಕೆಲಸಕ್ಕೆ ಸೇರಿ ಏಳೋ ಎಂಟೋ ತಿಂಗಳಾಗಿತ್ತು. ನೈಟ್ ಡ್ಯೂಟಿ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರಿದ್ದರು. ಹಗಲಲ್ಲಿ ಅವರಷ್ಟು ಸಂಭಾವಿತರು ಆ ವಾರ್ಡಿನಲ್ಲಿ ಇನ್ನೊಬ್ಬರಿರಲಿಲ್ಲ. ಬಿ.ಪಿ. ನೋಡಿ ಹೊರಟರೂ ಕೈ ಮುಗಿಯುವವರು. ಅಂಥವರು ರಾತ್ರಿ ಎರಡೂವರೆಗೆ ಎದ್ದು ಕೂತು ಕೈಗೆ ಹಾಕಿದ್ದ ಸೂಜಿ ಕೀಳಲು ನೋಡುತ್ತಿದ್ದರು. ತಡೆಯಲು ಹೋದರೆ ನನ್ನನ್ನು ತಳ್ಳಿ, ಕೇಳಬಾರದ ಮಾತೊಂದು ಅಂದರು. ಕಣ್ಣಲ್ಲಿ ನೀರು ಬಂತು ನನಗೆ. ಮೇಜಿಗೆ ಬಂದು ಅವರ ಕಡತದಲ್ಲಿ ಬರೆದೆ: 'ರೋಗಿ ಸಹಕರಿಸುತ್ತಿಲ್ಲ. ಅಸಭ್ಯವಾಗಿ ವರ್ತಿಸುತ್ತಿದ್ದಾರೆ.'

ಅಷ್ಟರಲ್ಲಿ ರೌಂಡ್ಸಿಗೆ ಬಂದ ಹಿರಿಯ ಸಿಸ್ಟರ್ ಏನನ್ನೂ ಕೇಳಲಿಲ್ಲ. ನೇರ ಹೋಗಿ ಅವರ ಕತ್ತಿನ ಹಿಂದೆ ಕೈಯಿಟ್ಟರು. ಅಂಗಿಯ ಕಾಲರ್ ತೊಯ್ದು ತೊಪ್ಪೆಯಾಗಿತ್ತು. "ಮೀಟರ್ ತಾ" ಅಂದರು. ಶುಗರ್ 46. ಸಂಜೆಯ ಇನ್ಸುಲಿನ್ ಪೂರ್ತಿ ಒಳಗೆ ಹೋಗಿತ್ತು, ರಾತ್ರಿಯ ಊಟ ಅರ್ಧ ಮಾತ್ರ. ಆ ಅರ್ಧ ತಟ್ಟೆಯನ್ನು ನಾನು ನೋಡಿದ್ದೆ, ಆದರೆ ಎಲ್ಲೂ ಬರೆದಿರಲಿಲ್ಲ.

ರಕ್ತನಾಳಕ್ಕೆ ಗ್ಲುಕೋಸ್ ಹೋದ ಹತ್ತು ನಿಮಿಷದಲ್ಲಿ ಹಳೆಯ ಮನುಷ್ಯ ವಾಪಸ್ ಬಂದರು. "ಏನಮ್ಮಾ, ಯಾಕೆ ಇಷ್ಟು ಜನ ನಿಂತಿದ್ದೀರಿ?" ಅಂದರು. ಬೈದದ್ದು ಅವರಿಗೆ ನೆನಪೇ ಇರಲಿಲ್ಲ. ಹಿರಿಯ ಸಿಸ್ಟರ್ ನನ್ನನ್ನು ಗದರಲಿಲ್ಲ. ನಾನು ಬರೆದಿದ್ದ ಎರಡು ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿದರು, ಕಡತ ಮುಚ್ಚಿದರು, ಮುಂದಿನ ಹಾಸಿಗೆಗೆ ಹೋದರು. ಗದರಿದ್ದರೆ ಎಷ್ಟೋ ವಾಸಿಯಿತ್ತು.

ರಕ್ತದ ಸಕ್ಕರೆ 70ಕ್ಕಿಂತ ಇಳಿಯುವಾಗ ದೇಹ ಮೊದಲು ಅಡ್ರಿನಲಿನ್ ಹರಿಸಿ ಕೂಗಿಕೊಳ್ಳುತ್ತದೆ: ಬೆವರು, ನಡುಕ, ಎದೆ ಹೊಡೆತ. 54ರ ಕೆಳಗೆ ಹೋದರೆ ಮಿದುಳಿಗೇ ಉಪವಾಸ. ಗ್ಲುಕೋಸನ್ನು ಕೂಡಿಟ್ಟುಕೊಳ್ಳುವ ಉಗ್ರಾಣ ಮಿದುಳಿನಲ್ಲಿ ಇಲ್ಲವೆನ್ನುವಷ್ಟು ಚಿಕ್ಕದು; ಹಾಗಾಗಿ ಅದು ಮೊದಲು ಬಿಟ್ಟುಕೊಡುವುದು ವಿವೇಕವನ್ನು. ಮಾತು ತಡವರಿಸುತ್ತದೆ, ಸಿಟ್ಟು ಬರುತ್ತದೆ, ಮನೆಯವರನ್ನೇ ಗುರುತಿಸುವುದಿಲ್ಲ. ಬಿ.ಪಿ.ಗೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ ತಿನ್ನುವವರಲ್ಲಿ ನಡುಕವೂ ಎದೆ ಹೊಡೆತವೂ ಮುಚ್ಚಿಹೋಗಬಹುದು, ಬೆವರು ಮಾತ್ರ ಉಳಿಯುತ್ತದೆ. ಕತ್ತಿನ ಹಿಂದೆ ಇಟ್ಟ ಆ ಕೈಯ ಅರ್ಥ ನನಗೆ ಗೊತ್ತಾದದ್ದು ಆಮೇಲೆ. ಎಚ್ಚರವಿದ್ದು ನುಂಗಬಲ್ಲವರಾದರೆ 15 ಗ್ರಾಂ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕುವಂತಿಲ್ಲ, ಅದು ಹೋಗುವುದು ಶ್ವಾಸಕೋಶಕ್ಕೆ.

ಇನ್ಸುಲಿನ್ ವಿಷಯದಲ್ಲಿ ನಾನು ಆವತ್ತಿನಿಂದ ಯಾರನ್ನೂ ನಂಬುವುದಿಲ್ಲ, ನನ್ನನ್ನಂತೂ ಮೊದಲೇ ಇಲ್ಲ. ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಯೂ 100 ಯೂನಿಟ್ ಇರುವ ಬಾಟಲಿಯೂ ಒಟ್ಟಿಗೆ ಬಳಕೆಯಲ್ಲಿರುವ ಕಡೆ ಸಿರಿಂಜ್ ಅದಲುಬದಲಾದರೆ ಸಾಕು. 40ರ ಸಿರಿಂಜಿನಲ್ಲಿ 100ರ ಔಷಧ ಎಳೆದರೆ, 10ರ ಗೆರೆಗೆ ಒಳಗೆ ಬಂದಿರುವುದು 25 ಯೂನಿಟ್. ಬಾಟಲಿ, ಸಿರಿಂಜ್, ಹೆಸರು, ಊಟದ ತಟ್ಟೆ ನಾಲ್ಕನ್ನೂ ನೋಡಿಯೇ ಚುಚ್ಚುವುದು. ನಾಲ್ಕನೆಯದು ಯಾವ ನಮೂನೆಯಲ್ಲೂ ಇರುವುದಿಲ್ಲ, ನಾನೇ ಸೇರಿಸಿಕೊಂಡದ್ದು.

ಆಮೇಲೆ ಬಹುಪಾಲು ವರ್ಷ ಇಂಥ ರೋಗಿಗಳ ನಡುವೆಯೇ ಕಳೆದೆ. ಕತ್ತಿನ ಥೈರಾಯ್ಡ್, ಮೂತ್ರಪಿಂಡದ ಮೇಲಿನ ಅಡ್ರಿನಲ್, ಮಿದುಳಿನ ಬುಡದ ಪಿಟ್ಯುಟರಿ, ಮೇದೋಜೀರಕದ ಇನ್ಸುಲಿನ್ ಸುರಿಸುವ ಭಾಗ. ಕನ್ನಡದಲ್ಲಿ ಇವಕ್ಕೆ ನಿರ್ನಾಳ ಗ್ರಂಥಿಗಳು ಎನ್ನುತ್ತಾರೆ, ನಾಳ ಇಲ್ಲದವು. ಬೆವರಿಗೆ, ಜೊಲ್ಲಿಗೆ, ಕಣ್ಣೀರಿಗೆ ಹೊರಬರಲು ದಾರಿಯಿದೆ. ಈ ರಸಗಳು ಯಾರಿಗೂ ಕಾಣದಂತೆ ರಕ್ತದಲ್ಲೇ ಬೆರೆತುಹೋಗುತ್ತವೆ. 1905ರಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗ್ ಇವಕ್ಕೆ 'ಹಾರ್ಮೋನ್' ಎಂಬ ಹೆಸರು ಬಳಸಿದ್ದು ಗ್ರೀಕ್ ಮಾತಿನಿಂದ, ಕೆರಳಿಸುವುದು, ಓಡಾಡಿಸುವುದು ಎಂಬ ಅರ್ಥದಲ್ಲಿ. ಮೂಳೆ ಮುರಿದವನು ಬಂದರೆ ಕಟ್ಟು ಕಾಣುತ್ತದೆ, ಯಾರೂ ಅವನಿಗೆ ಸೋಮಾರಿ ಅನ್ನುವುದಿಲ್ಲ. ನಮ್ಮವರು ಬರುವಾಗ ರೋಗದ ಹೆಸರಿಗಿಂತ ಮೊದಲು ಬೇರೊಂದು ಹೆಸರು ಹೊತ್ತು ಬಂದಿರುತ್ತಾರೆ. ಮುಂಗೋಪಿ, ಅಳುಮುಂಜಿ, ಮೈಗಳ್ಳಿ, ತಿಂಡಿಪೋತ. ಅದನ್ನು ಕೊಟ್ಟವರು ಮನೆಯವರೇ. ಎಷ್ಟೋ ಸಲ ನಾವೂ.

ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ಬಂದಿದ್ದ ಹೆಂಗಸೊಬ್ಬರನ್ನು ಮರೆಯಲಾರೆ. ಅರಿವಳಿಕೆಯಿಂದ ಏಳಲು ಎಲ್ಲರಿಗಿಂತ ಎರಡು ಪಟ್ಟು ಹೊತ್ತು ತೆಗೆದುಕೊಂಡರು. ಎದ್ದ ಮೇಲೂ ಪ್ರಶ್ನೆ ಕೇಳಿದರೆ ಉತ್ತರ ಬರುವ ಹೊತ್ತಿಗೆ ನಾನು ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದೆ. ದನಿ ಗೊಗ್ಗರು, ಚರ್ಮ ಒರಟು, ನಾಡಿ 52, ಮೈ ಬಿಸಿ 35.2 ಡಿಗ್ರಿ. ಎರಡು ಹೊದಿಕೆಯ ಕೆಳಗೂ ಚಳಿ. "ಅವಳು ಮೊದಲಿಂದಲೂ ಹಾಗೇ, ಎಲ್ಲ ನಿಧಾನ" ಎಂದರು ಮನೆಯವರು, ನಗುತ್ತಲೇ.

ನಾನು ಬಿಸಿನೀರಿನ ಚೀಲ ತರಲು ಹೊರಟಿದ್ದೆ. ಥೈರಾಯ್ಡ್ ತೀರಾ ಬತ್ತಿದವರಿಗೆ ಹಾಗೆ ಥಟ್ಟನೆ ಕಾವು ಕೊಡಬಾರದು. ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಕುಸಿಯುತ್ತದೆ, ಮೊದಲೇ ದಣಿದ ಹೃದಯ ಅದನ್ನು ತಾಳುವುದಿಲ್ಲ. ಇನ್ನೊಂದು ಹೊದಿಕೆ, ಗಾಳಿ ಬೀಸದ ಮೂಲೆ, ತಾಳ್ಮೆ, ಅಷ್ಟೇ. ನಿದ್ದೆಯ ಔಷಧ, ನೋವಿನ ಔಷಧ ಕೂಡ ಇವರ ಮೈಯಲ್ಲಿ ಬೇಗ ಕರಗುವುದಿಲ್ಲ. ಸಾಮಾನ್ಯ ಪ್ರಮಾಣವೇ ಉಸಿರನ್ನು ಮಂದಗೊಳಿಸಬಹುದು. ಹಾಗಾಗಿ ಔಷಧ ಕೊಟ್ಟ ಮೇಲೆ ಅವರ ಉಸಿರು ಎಣಿಸುತ್ತ ಕೂರಬೇಕು. ಕೇಳಿದ್ದಕ್ಕೆ ಉತ್ತರ ಬರುವವರೆಗೆ ಮನಸ್ಸಿನಲ್ಲೇ ಹತ್ತು ಎಣಿಸುವ ಅಭ್ಯಾಸ ಕೂಡ ನನಗೆ ಅಂಟಿಕೊಂಡಿದ್ದು ಆಗಲೇ.

ರಕ್ತ ಪರೀಕ್ಷೆಯ ವರದಿ ಬಂದ ದಿನ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಇಷ್ಟು ವರ್ಷ ನಾನು ಸೋಮಾರಿ ಅಂತ ನಾನೇ ನಂಬಿದ್ದೆನಲ್ಲ ಸಿಸ್ಟರ್." ಏನು ಹೇಳಲಿ? 1891ರ ಕಥೆ ಹೇಳಿದೆ. ಆ ವರ್ಷ ಇಂಗ್ಲೆಂಡಿನಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯರು, ಇದೇ ಕಾಯಿಲೆಯಿಂದ ಕುಗ್ಗಿದ್ದ 46 ವರ್ಷದ ಹೆಂಗಸಿಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿದರು. ಆಕೆ ಚೇತರಿಸಿಕೊಂಡು ಇನ್ನೂ 28 ವರ್ಷ ಬದುಕಿದರು. "ಕುರಿಯದ್ದಾ!" ಎಂದು ನಕ್ಕರು. ಆ ನಗು ಮಾತ್ರ ನಿಧಾನವಾಗಿರಲಿಲ್ಲ.

ಈಗ ಕುರಿ ಬೇಡ, ದಿನಕ್ಕೊಂದು ಮಾತ್ರೆ ಸಾಕು. ಆದರೆ ಅದರ ಹಟ ದೊಡ್ಡದು. ಬೆಳಗ್ಗೆ ಖಾಲಿ ಹೊಟ್ಟೆಗೆ ನೀರಿನೊಂದಿಗೆ, ತಿನ್ನುವುದಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ನಾಲ್ಕು ಗಂಟೆ ದೂರ ಇರಬೇಕು. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಆದ್ದರಿಂದ ಇವತ್ತು ನುಂಗಿ ನಾಳೆ ಚುರುಕಾಗುವ ಆಸೆ ಬೇಡ, ಪರೀಕ್ಷೆಯೂ ಆರೆಂಟು ವಾರದ ನಂತರವೇ. ಇದನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಸಾಲದು. ವಾಪಸ್ ಹೇಳಿಸಿ ಕೇಳಬೇಕು.

ಥೈರಾಯ್ಡ್ ಅತಿಯಾದವರ ಕಥೆ ಇದರ ತಿರುಗುಮುರುಗು. ಕೂತಲ್ಲಿ ಕೂರಲಾರರು, ಸೆಕೆ ಸೆಕೆ ಅನ್ನುತ್ತಾರೆ, ಎರಡಾಳಿನ ಊಟ ಮಾಡಿಯೂ ಸೊರಗುತ್ತಾರೆ, ಮಾತಿಗೆ ಮಾತು ಬೆಳೆಸಿ ಐದೇ ನಿಮಿಷಕ್ಕೆ ಅಳುತ್ತಾರೆ. ಅವರಿಗೆ ಬೇಕಾದ್ದು ತಂಪಾದ, ಸದ್ದಿಲ್ಲದ ಹಾಸಿಗೆ, ಕಡಿಮೆ ಸಂದರ್ಶಕರು, ಕೇಳಿದಾಗೆಲ್ಲ ತಿನ್ನಲು ಏನಾದರೂ. ಕಣ್ಣು ಉಬ್ಬಿದವರಿಗೆ ರೆಪ್ಪೆ ಪೂರ್ತಿ ಮುಚ್ಚದು, ರಾತ್ರಿ ಕಣ್ಣು ಒಣಗದಂತೆ ಹನಿ ಹಾಕಿ ತಲೆ ಎತ್ತರಿಸಿ ಮಲಗಿಸಬೇಕು. ಥೈರಾಯ್ಡ್ ತಗ್ಗಿಸುವ ಮಾತ್ರೆ ಶುರುಮಾಡಿದವರಿಗೆ ನಾನು ಒಂದೇ ಮಾತನ್ನು ಮೂರು ಸಲ ಹೇಳುತ್ತೇನೆ: ಗಂಟಲು ನೋವು, ಜ್ವರ ಬಂದರೆ ನೆಗಡಿ ಅಂತ ಸುಮ್ಮನಿರಬೇಡಿ, ಅವತ್ತೇ ಬನ್ನಿ. ಅಪರೂಪಕ್ಕೆ ಆ ಮಾತ್ರೆ ಬಿಳಿ ರಕ್ತಕಣಗಳನ್ನೇ ಬರಿದು ಮಾಡುತ್ತದೆ.

ಒಬ್ಬ ಹುಡುಗಿ ಚಿಕಿತ್ಸೆಯಾಗಿ ನಾಲ್ಕು ತಿಂಗಳಿಗೆ ತಪಾಸಣೆಗೆ ಬಂದವಳು ನನ್ನನ್ನು ಹುಡುಕಿಕೊಂಡು ಬಂದಳು. ಎಲ್ಲ ಅಂಕಿಅಂಶ ಸರಿಯಾಗಿತ್ತು. "ರಾತ್ರಿಯಿಡೀ ಓದುತ್ತಿದ್ದೆ, ಚಿತ್ರ ಬಿಡಿಸುತ್ತಿದ್ದೆ. ಅದು ನಾನಾ, ಕಾಯಿಲೆಯಾ?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಚಿತ್ರ ತೋರಿಸು ಅಂದೆ.

ಥೈರಾಯ್ಡ್ ಶಸ್ತ್ರಚಿಕಿತ್ಸೆಯ ನಂತರದ ರಾತ್ರಿ ನನಗೆ ಇವತ್ತಿಗೂ ಸಲೀಸಲ್ಲ. ಕತ್ತಿನ ಮುಂಭಾಗದ ಡ್ರೆಸ್ಸಿಂಗ್ ಒಣಗಿದೆ ಎಂದು ಸಮಾಧಾನಪಡುವಂತಿಲ್ಲ. ರಕ್ತ ಇಳಿಯುವುದು ಕತ್ತಿನ ಹಿಂಬದಿಗೆ, ದಿಂಬಿನ ಮೇಲೆ. ಕೈ ಹಾಕಿ ನೋಡಬೇಕು. ಒಳಗೇ ರಕ್ತ ಕಟ್ಟಿ ಶ್ವಾಸನಾಳ ಒತ್ತಿದರೆ ನಿಮಿಷಗಳ ಲೆಕ್ಕ, ಹೊಲಿಗೆ ಬಿಚ್ಚುವ ಸಾಮಾನು ಹಾಸಿಗೆಯ ಪಕ್ಕದಲ್ಲೇ ಇರಬೇಕು. ಇದು ಸದ್ದು ಮಾಡುವ ಅಪಾಯ. ಸದ್ದಿಲ್ಲದ್ದು ಇನ್ನೊಂದಿದೆ. ಥೈರಾಯ್ಡಿನ ಬೆನ್ನಿಗಂಟಿದ, ಅಕ್ಕಿಕಾಳಿಗಿಂತ ತುಸು ದೊಡ್ಡ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾಗಿದ್ದರೆ ಒಂದೆರಡು ದಿನದಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ. ರೋಗಿ ಹೇಳುವುದು ಇಷ್ಟೇ: "ತುಟಿ ಸುತ್ತ ಜುಮ್ ಅನ್ನುತ್ತಿದೆ ಸಿಸ್ಟರ್, ಯಾಕೋ ಭಯ." ಭಯ ಅಂದ ಕೂಡಲೇ ಸಮಾಧಾನ ಹೇಳಿ ಬಂದುಬಿಡುವುದು ಸುಲಭ. ಕಿವಿಯ ಮುಂದೆ ಕೆನ್ನೆಯನ್ನು ಬೆರಳಿಂದ ತಟ್ಟಿದರೆ ತುಟಿಯ ತುದಿ ಸೆಳೆಯುತ್ತದೆಯೇ? ಬಿ.ಪಿ. ಪಟ್ಟಿ ಬಿಗಿದು ಮೂರು ನಿಮಿಷ ಇಟ್ಟರೆ ಬೆರಳುಗಳು ಕೊಕ್ಕಿನಂತೆ ಮುದುಡುತ್ತವೆಯೇ? ಹೌದಾದರೆ ಡಾಕ್ಟರನ್ನು ಎಬ್ಬಿಸಲೇಬೇಕು, ಅವರು ಎಷ್ಟೇ ಮುಖ ಸಿಂಡರಿಸಲಿ.

ಇನ್ನೊಬ್ಬ ಹುಡುಗನನ್ನು ಕುಡಿದು ಬಿದ್ದವನೆಂದು ಕರೆತಂದಿದ್ದರು. ಹದಿನೇಳೋ ಹದಿನೆಂಟೋ ವಯಸ್ಸು. ತೊದಲು, ವಾಂತಿ, ಬಾಯಲ್ಲಿ ವಾಸನೆ. ಜೊತೆಗಿದ್ದ ಅಪ್ಪ ಅವನ ಮುಖ ನೋಡಲೂ ಒಪ್ಪುತ್ತಿರಲಿಲ್ಲ. ವಾಸನೆ ಇತ್ತು ನಿಜ, ಆದರೆ ಹೆಂಡದ್ದಲ್ಲ, ಕಳಿತ ಹಣ್ಣಿನಂಥ ಸಿಹಿ ವಾಸನೆ. ಉಸಿರು ಆಳಕ್ಕೆ, ಬೇಗ ಬೇಗ, ಓಡಿ ಬಂದವನ ಹಾಗೆ. ರಕ್ತದ ಆಮ್ಲವನ್ನು ಹೊರಹಾಕಲು ಶ್ವಾಸಕೋಶ ಪಡುವ ಪಾಡದು. ಗ್ಲುಕೋಮೀಟರ್ ಅಂಕಿ ತೋರಿಸದೆ 'ಹೈ' ಎಂದು ಬರೆಯಿತು.

ಆ ರಾತ್ರಿ ಗಂಟೆಗೊಮ್ಮೆ ಬೆರಳು ಚುಚ್ಚಿದೆ. ಇನ್ಸುಲಿನ್ ಸಾಲದೆ ರಕ್ತದಲ್ಲಿ ಕೀಟೋನು ಎಂಬ ಆಮ್ಲ ತುಂಬಿದವರ ಚಿಕಿತ್ಸೆಯಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಜೀವಕೋಶದೊಳಗೆ ನೂಕುತ್ತದೆ. ಅದು ಮೊದಲೇ 3.5ಕ್ಕಿಂತ ಕಡಿಮೆ ಇದ್ದರೆ ಇನ್ಸುಲಿನ್ ಕಾಯಬೇಕು, ಇಲ್ಲವಾದರೆ ಹೃದಯದ ಬಡಿತವೇ ತಪ್ಪುತ್ತದೆ. ಎರಡನೆಯದು, ಸಕ್ಕರೆ ಇಳಿದು 250ರ ಹತ್ತಿರ ಬಂದಾಗ ಎಲ್ಲರಿಗೂ ಗೆದ್ದೆವೆನಿಸುತ್ತದೆ. ಆಗ ಇನ್ಸುಲಿನ್ ನಿಲ್ಲಿಸಬಾರದು, ಡ್ರಿಪ್‌ಗೆ ಗ್ಲುಕೋಸ್ ಸೇರಿಸಿ ಇನ್ಸುಲಿನ್ ಮುಂದುವರಿಸಬೇಕು. ನಾವು ಬೆನ್ನು ಹತ್ತಿರುವುದು ಆಮ್ಲವನ್ನು. "ಶುಗರ್ ಇಳಿದಿದೆಯಲ್ಲ, ಮತ್ತೆ ಸಕ್ಕರೆ ನೀರು ಯಾಕೆ ಹಾಕ್ತೀರಿ?" ಎಂದು ಅಪ್ಪ ಕೇಳಿದರು. ಮೂಲೆಯ ಬೆಂಚಿನಲ್ಲಿ ಕೂರಿಸಿ ವಿವರಿಸಿದೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಡುವವರೆಗೆ, ಇಂಥ ಮಕ್ಕಳು ತಿಂಗಳುಗಳಲ್ಲೋ ಒಂದೆರಡು ವರ್ಷದಲ್ಲೋ ತೀರಿಹೋಗುತ್ತಿದ್ದರು ಎಂಬುದನ್ನೂ ಹೇಳಿದೆ. ಅವರು ಕೇಳಿಸಿಕೊಂಡದ್ದು ಬೇರೆಯೇ. "ಹಾಗಾದರೆ ಅವನು ಕುಡಿದಿರಲಿಲ್ಲ" ಅಂದರು. ಬೆಳಗಾಗುವವರೆಗೆ ಅದನ್ನೇ ನಾಲ್ಕು ಸಲ ಅಂದರು.

ನೀರು ಕದ್ದವನ ಕಥೆಯೂ ಇದೆ. ಪಿಟ್ಯುಟರಿಯ ಗಡ್ಡೆ ತೆಗೆದು ಎರಡನೆಯ ದಿನ. ರಾತ್ರಿ ಬಚ್ಚಲಿನ ನಲ್ಲಿಗೆ ಬಾಯಿಟ್ಟು ಕುಡಿಯುತ್ತಿದ್ದವನನ್ನು ಕಂಡು ಸಹಾಯಕರು ಬೈದು ಕರೆತಂದರು. ಮೂತ್ರದ ಚೀಲ ನೋಡಿದೆ, ನೀರಿನಷ್ಟೇ ತಿಳಿ. ಗಂಟೆಗೆ 350, ಮುಂದಿನ ಗಂಟೆಗೆ 400 ಮಿ.ಲೀ. ಸಾಂದ್ರತೆ 1.002, ಹೆಚ್ಚುಕಡಿಮೆ ನೀರಿನದ್ದೇ. ನೀರನ್ನು ಹಿಡಿದಿಡುವ ವ್ಯಾಸೊಪ್ರೆಸಿನ್ ಹಾರ್ಮೋನು ಬತ್ತಿತ್ತು. ಕಳ್ಳತನ ಮಾಡದಿದ್ದರೆ ರಕ್ತದ ಸೋಡಿಯಂ ಎಲ್ಲಿಗೆ ಏರುತ್ತಿತ್ತೋ! ಈ ಕಾಯಿಲೆಯನ್ನು ಡಯಾಬಿಟಿಸ್ ಇನ್ಸಿಪಿಡಸ್ ಎನ್ನುತ್ತಿದ್ದೆವು. ಡಯಾಬಿಟಿಸ್ ಎಂಬ ಅರ್ಧ ಹೆಸರು ಕೇಳಿಯೇ ಶುಗರ್ ಮಾತ್ರ ನೋಡಿ, ಆ ಹಾರ್ಮೋನಿನ ಬದಲಿಗೆ ಕೊಡಬೇಕಾದ ಡೆಸ್ಮೊಪ್ರೆಸಿನ್ ಔಷಧ ಕೊಡದೆ ಬಿಟ್ಟ ಪ್ರಮಾದಗಳು ನಡೆದ ಕಾರಣ, 2022ರಲ್ಲಿ ತಜ್ಞರು ಹೆಸರನ್ನೇ ಬದಲಿಸಿ ವ್ಯಾಸೊಪ್ರೆಸಿನ್ ಕೊರತೆ ಎಂದು ಕರೆಯಲು ಸೂಚಿಸಿದರು. ಕೆಲವೇ ದಿನಗಳಲ್ಲಿ ಅದೇ ರೋಗಿಯಲ್ಲಿ ಅದೇ ಹಾರ್ಮೋನು ಉಕ್ಕಿ ಹರಿದು, ಆಗ ನೀರನ್ನು ಅಳೆದು ಕೊಡಬೇಕಾಗಿ ಬರುವುದೂ ಉಂಟು. ಮಂಗಳವಾರ 'ಕುಡಿಯಿರಿ' ಎಂದ ನಾನೇ ಭಾನುವಾರ ಲೋಟ ಕಸಿದುಕೊಂಡರೆ ಯಾರಿಗೆ ತಾನೇ ಸಿಟ್ಟು ಬಾರದು?

ಅಡ್ರಿನಲ್ ಸೋತು, ಅದು ಸುರಿಸಬೇಕಾದ ಹಾರ್ಮೋನಿನ ಬದಲಿಗೆ ದಿನವೂ ಸ್ಟೆರಾಯ್ಡ್ ಮಾತ್ರೆ ನುಂಗುವವರ ಬಗ್ಗೆ ಒಂದೇ ವಿಷಯ, ಯಾಕೆಂದರೆ ಇದನ್ನು ಇವತ್ತಿಗೂ ತಪ್ಪು ಮಾಡುವುದನ್ನು ನೋಡುತ್ತೇನೆ. 'ನಾಳೆ ಆಪರೇಷನ್, ರಾತ್ರಿಯಿಂದ ಬಾಯಿಗೆ ಏನೂ ಇಲ್ಲ' ಎಂದು ಬರೆದಾಗ ಸ್ಟೆರಾಯ್ಡ್ ಮಾತ್ರೆಯೂ ಆ 'ಏನೂ ಇಲ್ಲ'ದಲ್ಲಿ ಸೇರಿಹೋಗುತ್ತದೆ. ಹಾಗೆ ಬಿಡುವಂತಿಲ್ಲ. ಮಾತ್ರೆ ಆಗದಿದ್ದರೆ ಸೂಜಿ. ಜ್ವರ ಬಂದರೆ ಪ್ರಮಾಣ ಎರಡು ಮೂರು ಪಟ್ಟು, ವಾಂತಿಯಾಗುತ್ತಿದ್ದರೆ ಕಾಯದೆ ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ. ವರ್ಷಗಟ್ಟಲೆ ಬೇರೆ ಕಾಯಿಲೆಗೆ ಸ್ಟೆರಾಯ್ಡ್ ತಿಂದವರಿಗೂ ಇದೇ ಲೆಕ್ಕ. ಅವರ ಗ್ರಂಥಿ ಕೆಲಸ ಮರೆತು ಮಲಗಿರುತ್ತದೆ.

ಮೈಯಲ್ಲಿ ಸ್ಟೆರಾಯ್ಡ್ ಅತಿಯಾದವರ ಚರ್ಮವೋ, ಹಳೆ ಕಾಗದ. ಪ್ಲಾಸ್ಟರ್ ಎಳೆದರೆ ಚರ್ಮವೂ ಜೊತೆಗೆ ಬರುತ್ತದೆ. ಎಣ್ಣೆ ಹಚ್ಚಿ, ನೆನೆಸಿ, ತಾಳ್ಮೆಯಿಂದ ಬಿಡಿಸಬೇಕು.

ಇನ್ನು ಇಪ್ಪತ್ನಾಲ್ಕು ಗಂಟೆಯ ಮೂತ್ರ ಸಂಗ್ರಹ! ಈ ವಿಭಾಗದ ದಾದಿಯರನ್ನು ಒಂದೆಡೆ ಸೇರಿಸಿದರೆ ಮೊದಲು ಬೈಯುವುದು ಇದನ್ನೇ. ಮೊದಲ ಸಲದ್ದು ಚೆಲ್ಲಿ, ಅಲ್ಲಿಂದ ಮರುದಿನ ಅದೇ ಹೊತ್ತಿನವರೆಗೆ ಒಂದು ಹನಿ ಬಿಡದೆ ಕೂಡಿಸಬೇಕು. ಇಪ್ಪತ್ತಮೂರು ಗಂಟೆ ಸರಿಯಾಗಿ ನಡೆದದ್ದು, ರೋಗಿ ನಿದ್ದೆಗಣ್ಣಲ್ಲಿ ಬಚ್ಚಲಿಗೆ ಹೋಗಿಬಂದರೆ ಮುಗಿಯಿತು. ಬಾಗಿಲಿಗೆ ಚೀಟಿ ಅಂಟಿಸುತ್ತೇನೆ. ಒಮ್ಮೆ ಆ ಚೀಟಿಯನ್ನು ಓದುತ್ತಲೇ ಒಳಗೆ ಹೋಗಿಬಂದವರಿದ್ದಾರೆ.

ಇಷ್ಟೆಲ್ಲ ಕಲಿತ ಮೇಲೆ ನಾನು ಇನ್ನೊಂದು ಬದಿಗೆ ವಾಲಿದ್ದೂ ಇದೆ. ಸಿಟ್ಟು ಮಾಡಿದವರೆಲ್ಲ ನನ್ನ ಕಣ್ಣಿಗೆ ಶುಗರ್ ಇಳಿದವರಾಗಿ ಕಾಣತೊಡಗಿದರು. ಒಂದು ಮಧ್ಯಾಹ್ನ ಮಧ್ಯವಯಸ್ಸಿನವರೊಬ್ಬರು ಗಟ್ಟಿ ದನಿಯಲ್ಲಿ ಕೂಗಾಡುತ್ತಿದ್ದರು. ನಾನು ಮೆತ್ತಗೆ ನಗುತ್ತ, ಕತ್ತು ಮುಟ್ಟಿ, ಬೆರಳು ಚುಚ್ಚಿದೆ. 112. ಅವರು ನನ್ನನ್ನೇ ನೋಡುತ್ತ ಅಂದರು, "ಸಿಸ್ಟರ್, ಇನ್ಸುಲಿನ್ ಚುಚ್ಚಿ ಮುಕ್ಕಾಲು ಗಂಟೆ ಆಯ್ತು, ಊಟ ಬಂದಿಲ್ಲ. ನನಗೆ ನಿಜವಾಗಿಯೂ ಸಿಟ್ಟು ಬಂದಿದೆ. ಇದಕ್ಕೂ ಒಂದು ಮೀಟರ್ ಇದೆಯಾ?" ಮುಕ್ಕಾಲು ಗಂಟೆ! ಇನ್ನು ಸ್ವಲ್ಪ ಹೊತ್ತಿಗೆ ಅದು ಖಂಡಿತ 112 ಇರುತ್ತಿರಲಿಲ್ಲ. ಅವರ ಸಿಟ್ಟು ನಮ್ಮ ತಪ್ಪನ್ನು ನಮಗಿಂತ ಮೊದಲು ಹಿಡಿದಿತ್ತು. ಓಡಿದೆ ಅಡುಗೆ ವಿಭಾಗಕ್ಕೆ.

ಕಳೆದ ತಿಂಗಳು ಸಂಜೆ ಡ್ಯೂಟಿಯಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಜೊತೆಗಿದ್ದಳು. ಮುಖ ಕೆಂಪಗೆ ಮಾಡಿಕೊಂಡು ಬಂದು ಕಡತ ಎಳೆದುಕೊಂಡಳು. ಪಕ್ಕದಿಂದ ಕಣ್ಣು ಹಾಯಿಸಿದೆ. 'ರೋಗಿ ಸಹಕರಿಸುತ್ತಿಲ್ಲ.' ಅದನ್ನು ಗಟ್ಟಿಯಾಗಿ ಓದಬೇಕೆನಿಸಿತು, ಓದಲಿಲ್ಲ. "ಏನು ನೋಡಿದೆ, ಅಷ್ಟೇ ಬರೆದು ತೋರಿಸು" ಅಂದೆ. ಬರೆಯಲು ಪೆನ್ನೆತ್ತಿದವಳು ಏನೋ ಹೊಳೆದಂತೆ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಬಂದು ಬರೆದಳು:

'9.40. ಹೊದಿಕೆ ತೆಗೆದುಹಾಕುತ್ತಿದ್ದಾರೆ. ಹಣೆಯಲ್ಲಿ ತುಸು ಬೆವರು. ಹೆಸರು, ದಿನ ಸರಿಯಾಗಿ ಹೇಳುತ್ತಾರೆ. ಇನ್ಸುಲಿನ್ 8.30ಕ್ಕೆ ಆಗಿದೆ. ಊಟ ಅರ್ಧ ಉಳಿದಿದೆ. ಮಗ ಬಂದಿಲ್ಲ ಎಂದು ಬೇಸರ. ಶುಗರ್ 84. ಒಂದು ಲೋಟ ಹಾಲು ಕುಡಿಸಿದೆ, ಡಾಕ್ಟರಿಗೆ ತಿಳಿಸಿದೆ. 10ಕ್ಕೆ ಮತ್ತೆ ನೋಡಬೇಕು.'

ಗಡಿಯಾರ ನೋಡಿದೆವು. ಹತ್ತಕ್ಕೆ ಎರಡು ನಿಮಿಷ. ಅವಳು ಮೀಟರ್ ತೆಗೆದುಕೊಂಡಳು, ನಾನು ಆ ಮಗನ ಫೋನ್ ನಂಬರು ಹುಡುಕತೊಡಗಿದೆ.